ಕಲ್ಲಿನ ಮೇಲೆ ಬಂದ ಅಪವಾದ



ನಮ್ಮ ಊರು ಶಹಾಬಾದದಲ್ಲಿ ಏನು ಒಡೆದರೂ ಮೊದಲ ಗುಮಾನಿ ಕಲ್ಲಿನ ಮೇಲೆ. ಕಾಲಿನ ಉಗುರು ಕಿತ್ತರೂ ಕಲ್ಲು, ಟೈರು ಹರಿದರೂ ಕಲ್ಲು. ಮಳೆಗಾಲದ ಹೊಸ್ತಿಲಲ್ಲಿ ನನ್ನ ಕಾರಿನ ಹಿಂದಿನ ಎಡ ಬಾಗಿಲಿನ ಗಾಜು ಒಡೆದಾಗಲೂ ಓಣಿಯ ಮಂದಿಯೆಲ್ಲ ಒಂದೇ ತೀರ್ಪು ಕೊಟ್ಟರು. ಆ ತೀರ್ಪು ತಪ್ಪಾಗಿತ್ತು. ತಪ್ಪೆಂದು ಗೊತ್ತಾದದ್ದು ಗಾಜನ್ನು ನಾನೇ ಮನೆಯಂಗಳದಲ್ಲಿ ಬದಲಿಸಲು ಕೂತದ್ದರಿಂದ.

ಪಕ್ಕದ ಮನೆಯವರು ಪಡಸಾಲೆಗೆ ಹೊಸ ಫರ್ಸಿ, ಅಂದರೆ ಹಾಸುಗಲ್ಲು, ಹಾಕಿಸುತ್ತಿದ್ದರು. ಕೆಲಸದ ಹುಡುಗ ಓಣಿಯಲ್ಲೇ ಗೋಣಿಚೀಲ ಹಾಸಿಕೊಂಡು ಕೂತು, ಕಲ್ಲಿನ ಅಂಚಿಗೆ ಚಾಣ ಹಿಡಿದು ಸುತ್ತಿಗೆಯಿಂದ ಬಡಿದು ಅಳತೆಗೆ ತರುತ್ತಿದ್ದ. ಆರೇಳು ಹೆಜ್ಜೆ ಆಚೆ ಬೇವಿನ ಗಿಡದ ಕೆಳಗೆ ನನ್ನ ಕಾರು. ಒಳಗೆ ಕಾವು ತುಂಬದಿರಲೆಂದು ನಾಲ್ಕೂ ಗಾಜುಗಳನ್ನು ಎರಡು ಬೆರಳು ಇಳಿಸಿದ್ದೆ. ಈ ಎರಡು ಬೆರಳಿನ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ. ಒಂದು ಏಟಿಗೆ ‘ಟಣ್’ ಎಂದಿತು. ಅದರ ಬೆನ್ನಿಗೇ, ಯಾರೋ ಸೇರು ಜೋಳವನ್ನು ತಗಡಿನ ಮೇಲೆ ಸುರಿದ ಹಾಗೆ ಇನ್ನೊಂದು ಸದ್ದು. ಹೋಗಿ ನೋಡಿದರೆ ಬಾಗಿಲಿನಲ್ಲಿ ಗಾಜು ಇರಲಿಲ್ಲ. ಸೀಟಿನ ಮೇಲೆ, ಕಾಲ್ಚಾಪೆಯ ಮೇಲೆ, ನೆಲದ ಮೇಲೆ ಕಲ್ಲುಸಕ್ಕರೆಯಂಥ ಹರಳುಗಳು.

“ಚಕ್ಕಿ ಹಾರ್ತು ಮಾಸ್ತರ್‌ರಿ. ತಪ್ಪಾತು. ನನ್ನ ಪಗಾರದಾಗ ಹಿಡ್ಕೊಳ್ರಿ” ಅಂದ ಹುಡುಗ. ಅವನ ಮುಖ ಅವನ ಕೈಯಲ್ಲಿದ್ದ ಕಲ್ಲಿಗಿಂತ ಬೆಳ್ಳಗಾಗಿತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. “ಪಗಾರ ನಿನ್ನ ಹತ್ರ ಇರ್ಲಿ ತಮ್ಮಾ, ಕೆಲಸ ನೋಡು” ಅಂದೆ. ಅಂದೆನೇ ಹೊರತು ಒಳಗೆ ಸಿಟ್ಟು ಇರಲಿಲ್ಲ ಎಂದರೆ ಸುಳ್ಳಾದೀತು. ಆ ಸಿಟ್ಟು ಕೂಡ ಕಲ್ಲಿನ ಮೇಲೇ ಇತ್ತು.

ಈ ಕಲ್ಲಿನ ಬಗ್ಗೆ ಎರಡು ಮಾತು ಆಡಬೇಕು. ಶಹಾಬಾದ ಎಂಬ ಹೆಸರನ್ನು ಮುಂಬಯಿ, ಪುಣೆಯ ಮಂದಿ ಊರಿನ ಹೆಸರೆಂದು ಅರಿಯುವ ಮೊದಲೇ ನೆಲದ ಹೆಸರೆಂದು ಅರಿತಿರುತ್ತಾರೆ. ಅಲ್ಲಿನ ಹಳೆಯ ಮನೆಗಳ ಪಡಸಾಲೆ, ಅಡಿಗೆ ಕಟ್ಟೆ, ಬಚ್ಚಲು, ಮೆಟ್ಟಿಲು ಎಲ್ಲವೂ ಶಹಾಬಾದಿ. ಅದು ಸುಣ್ಣದ ಕಲ್ಲು. ಕೋಟಿಗಟ್ಟಲೆ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರಿನ ಮೇಲೆ ಪದರು ಕೂತು ಗಟ್ಟಿಯಾದದ್ದು. ಆದ್ದರಿಂದಲೇ ಖಣಿಯಲ್ಲಿ ಅದನ್ನು ಸಿಡಿಸಬೇಕಾಗಿಲ್ಲ. ಪದರಿನ ಸಂದಿ ಹುಡುಕಿ ಮೀಟಿದರೆ ಹಾಳೆಯ ಹಾಗೆ ಏಳುತ್ತದೆ. ಚಿತ್ತಾಪುರ ತಾಲೂಕಿನ ಸನ್ನತಿಯ ಹತ್ತಿರ, ಭೀಮೆಯ ದಂಡೆಯ ಕನಗನಹಳ್ಳಿಯಲ್ಲಿ ಎರಡು ಸಾವಿರ ವರ್ಷಗಳ ಹಿಂದಿನ ಸ್ತೂಪ ಕಟ್ಟಿದವರು ಅಶೋಕನ ಮೂರ್ತಿ ಕಡೆದದ್ದೂ ಈ ಜಾತಿಯ ಕಲ್ಲಿನಲ್ಲೇ. 1871ರಲ್ಲಿ ಮುಂಬಯಿ ಕಡೆಯ ರೈಲು ಹಳಿ ರಾಯಚೂರಿಗೆ ಬಂದು ಮದ್ರಾಸಿನ ಹಳಿಯನ್ನು ಕೂಡಿತು. ಆ ದಾರಿಯ ಮೇಲೆ ಕೂತ ನಮ್ಮ ಊರಿನ ಕಲ್ಲು ದೂರ ದೂರಕ್ಕೆ ಹೋಗಿ ನೆಲವಾಯಿತು. ಎರಡು ಸಾವಿರ ವರ್ಷ ಅಳತೆಗೆ ಕಡೆಸಿಕೊಂಡ ಕಲ್ಲು ಇದು. ಹೇಗೆ ಬೇಕೋ ಹಾಗೆ ಕತ್ತರಿಸಿಕೊಳ್ಳುವ ಸ್ವಭಾವ ಅದರದು.

ಕಾರಿನ ಬಾಗಿಲ ಗಾಜಿನ ಸ್ವಭಾವ ಇದಕ್ಕೆ ಪೂರ್ತಿ ತಿರುಗುಮುರುಗು. ಓಣಿಯ ಹಿರಿಯರೊಬ್ಬರು ಸಹಜವಾಗಿಯೇ ಕೇಳಿದರು: “ಫೋಟೋಕ್ಕ ಕಟ್ಟು ಹಾಕೋ ಅಂಗಡ್ಯಾಗ ಗಾಜು ಕೊಯ್ತಾರಲ್ಲ, ಅವನ ಹತ್ರ ಒಂದು ತುಂಡು ಕೊಯ್ಸಿ ತರಬಾರದೇನ್ರಿ?” ಕಲ್ಲಿನ ಊರಿನವರಿಗೆ ಹಾಗೆ ಅನ್ನಿಸುವುದು ನ್ಯಾಯವೇ. ಆದರೆ ಈ ಗಾಜನ್ನು ಕೊಯ್ಯಲು ಬರುವುದಿಲ್ಲ. ಮೊದಲು ಅಳತೆಗೆ ಕೊಯ್ದು, ತೂತು ಕೊರೆದು, ಬಾಗಿಸಿ, ಆಮೇಲೆ 600 ಡಿಗ್ರಿ ಸೆಲ್ಸಿಯಸ್‌ ದಾಟುವ ಹಾಗೆ ಕಾಯಿಸಿ, ಎರಡೂ ಮೈಗೆ ತಣ್ಣನೆ ಗಾಳಿಯನ್ನು ರಭಸದಿಂದ ಊದುತ್ತಾರೆ. ಹೊರಮೈ ತಟ್ಟನೆ ಆರಿ ಬಿಗಿಯಾಗುತ್ತದೆ. ಒಳಗಿನದು ನಿಧಾನಕ್ಕೆ ಆರುತ್ತ ಕುಗ್ಗಲು ಹೋಗುತ್ತದೆ. ಹೊರಮೈ ಬಿಡುವುದಿಲ್ಲ, ಒಳಗಿನದು ಎಳೆಯುವುದನ್ನು ನಿಲ್ಲಿಸುವುದಿಲ್ಲ. ಈ ಎಳೆದಾಟವೇ ಅದರ ಬಲ. ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಪೆಟ್ಟು ತಡೆಯುತ್ತದೆ. ಎಲ್ಲಿಯಾದರೂ ಒಂದೇ ಒಂದು ಕಡೆ ಆ ಬಿಗಿ ಹೊರಪದರು ಹರಿದು ಒಳಗಿನವರೆಗೆ ತೂತಾಯಿತೋ, ಹಿಡಿದಿಟ್ಟ ಎಳೆತವೆಲ್ಲ ಒಮ್ಮೆಲೇ ಬಿಡುಗಡೆಯಾಗಿ ಇಡೀ ಗಾಜು ಹರಳಾಗಿ ಉದುರುತ್ತದೆ. ಹರಳು ಕೈ ಪರಚೀತು, ಈಟಿಯ ಹಾಗೆ ಇರಿಯುವುದಿಲ್ಲ. ಅದಕ್ಕೇ ಬಾಗಿಲುಗಳಿಗೆ ಈ ಗಾಜು. ಮುಂದಿನ ದೊಡ್ಡ ಗಾಜಿನ ಜಾತಿ ಬೇರೆ. ಅಲ್ಲಿ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ಕಿನ ಪೊರೆ ಇಟ್ಟು ಅಂಟಿಸಿರುತ್ತಾರೆ. ಒಡೆದರೂ ಜೇಡರ ಬಲೆಯಂತೆ ಬಿರುಕು ಬಿಟ್ಟು ಇದ್ದಲ್ಲೇ ನಿಲ್ಲುತ್ತದೆ.

ಇನ್ನೊಂದು ಸೋಜಿಗ. ಗಾಜು ಎಂದರೆ ಮರಳು, ಸೋಡಾ ಮತ್ತು ಸುಣ್ಣ. ನೂರರಲ್ಲಿ ಹತ್ತರಷ್ಟು ಸುಣ್ಣದ ಅಂಶ, ಅದು ಬರುವುದು ಸುಣ್ಣದ ಕಲ್ಲಿನಿಂದಲೇ. ಅಂದರೆ ನಮ್ಮ ಫರ್ಸಿಗೂ ಕಾರಿನ ಗಾಜಿಗೂ ದೂರದ ಬೀಗತನ ಇದೆ. ಬೀಗರ ನಡುವೆ ಜಗಳ ಹಚ್ಚುವವರು ಮಾತ್ರ ಬೇರೆ ಯಾರೋ ಇರುತ್ತಾರೆ.

ವಿಮೆ ಕೇಳಬಹುದಿತ್ತಲ್ಲ ಎನ್ನುವಿರಿ. ಲೆಕ್ಕ ಹಾಕಿದೆ. ಗಾಜಿಗೆ ಸವಕಳಿ ಕಡಿಯುವುದಿಲ್ಲ. ರಬ್ಬರು, ಪ್ಲಾಸ್ಟಿಕ್ಕಿಗೆ ಮಾತ್ರ ಅರ್ಧ ಕಡಿಯುತ್ತಾರೆ. ಇಷ್ಟರವರೆಗೆ ಒಳ್ಳೆಯದೇ. ಆದರೆ 1500 ಸಿ.ಸಿ.ವರೆಗಿನ ಕಾರಿಗೆ ಮೊದಲ 1000 ರೂಪಾಯಿ ನಮ್ಮದೇ ತಲೆಯ ಮೇಲೆ. ಐದು ವರ್ಷ ಏನೂ ಕೇಳದೆ ಇದ್ದುದಕ್ಕೆ ಸಿಕ್ಕಿದ್ದ 50 ಪ್ರತಿಶತ ರಿಯಾಯಿತಿ ಒಂದು ಗಾಜಿಗಾಗಿ ಹೋಗಿಬಿಡುತ್ತದೆ. ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಗಾಜು ತರಲು ಕಲಬುರಗಿಗೆ ಹೊರಟೆ.

ಗ್ಯಾರೇಜು, ಬಿಡಿಭಾಗದ ಅಂಗಡಿಗಳಲ್ಲಿ ಇದಕ್ಕೆ ಗಾಜು ಎಂದರೆ ಯಾರೂ ತಿರುಗಿ ನೋಡುವುದಿಲ್ಲ, ಅದು ಶೀಶಾ. ಹೋಗುವ ಮೊದಲು ಫೋನು ಮಾಡಿದಾಗ ಅಂಗಡಿಯವ ಕೇಳಿದ: “ಹಿಂದಿಂದು ಅಂದ್ರಿ. ಲೆಫ್ಟೋ ರೈಟೋ?” ನಾನು ಕಾರಿನ ಮುಂದೆ, ಬಾನೆಟ್ಟಿಗೆ ಮುಖ ಮಾಡಿ ನಿಂತಿದ್ದೆ. ಒಡೆದ ಬಾಗಿಲು ನನ್ನ ಬಲಗೈ ಕಡೆ ಇತ್ತು. “ರೈಟ್” ಅಂದೆ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡಿಯ ಪ್ರತಿಬಿಂಬದ ಪಾಠ ಮಾಡಿದ ಬಾಯಿ ಇದು. ಕಾರಿನ ಎಡ ಬಲ ಎಂದರೆ ಒಳಗೆ ಕೂತವನ ಎಡ ಬಲ. ಕೌದಿಯಲ್ಲಿ ಸುತ್ತಿದ ಶೀಶಾವನ್ನು ಪ್ಯಾಸೆಂಜರ್ ರೈಲಿನಲ್ಲಿ ಎರಡು ಮೊಳಕಾಲ ನಡುವೆ ನಿಲ್ಲಿಸಿಕೊಂಡು, “ಟೀವಿ ಏನ್ರಿ?” ಎಂದು ಕೇಳಿದವರಿಗೆಲ್ಲ ಉತ್ತರ ಕೊಟ್ಟುಕೊಂಡು ಬಂದೆ. ಮನೆಗೆ ಬಂದು ಹಿಡಿದು ನೋಡಿದರೆ ಒಡೆಯದೆ ಇದ್ದ ಬಾಗಿಲಿಗೆ ಲಗತ್ತಾಗಿ ಕೂಡುವ ಶೀಶಾ ತಂದಿದ್ದೆ. ಮಗುಚಿ ಹಾಕೋಣವೆಂದರೆ ಅದು ಚಪ್ಪಟೆಯಲ್ಲ, ಹೊಟ್ಟೆಯುಬ್ಬಿದೆ; ಮಗುಚಿದರೆ ಉಬ್ಬು ಒಳಗೆ ಬರುತ್ತದೆ. ಮರುದಿನ ಅದೇ ಕೌದಿ, ಅದೇ ರೈಲು. ನಮ್ಮ ಮನೆಯಾಕೆ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಹೆಚ್ಚು ಕೇಳಿಸಿತು.

ಎರಡನೆಯ ಸಲ ಕಣ್ಣು ತೆರೆದು ಕೊಂಡೆ. ಮೂಲೆಯಲ್ಲಿ ಐಎಸ್ಐ ಗುರುತು ಇದೆಯೇ, ಬಣ್ಣ ಉಳಿದ ಮೂರು ಗಾಜಿನ ತಿಳಿಹಸಿರಿಗೆ ಹೊಂದುತ್ತದೆಯೇ ಎಂದು ನೋಡಿದೆ. ಅಂಗಡಿಯವನು ಕರಿ ಫಿಲ್ಮ್ ಅಂಟಿಸಿ ಕೊಡಲೇ ಎಂದು ಕೇಳಿದ. ನಮ್ಮ ಸೀಮೆಯ ಬಿಸಿಲಿಗೆ ಆಸೆ ಹುಟ್ಟುವ ಮಾತೇ. ಆದರೆ ನಿಯಮದ ಪ್ರಕಾರ ಪಕ್ಕದ ಗಾಜು ಕನಿಷ್ಠ 50 ಪ್ರತಿಶತ ಬೆಳಕು ಬಿಡಬೇಕು, ಮುಂದಿನ ಹಿಂದಿನ ದೊಡ್ಡ ಗಾಜು 70. ಮೇಲೆ ಕರಿ ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟು 2012ರ ಏಪ್ರಿಲ್ 27ರಂದು ತಡೆಯಿತು. ಬೇಡ ಅಂದೆ.

ಇನ್ನು ಕೆಲಸ. ನಮ್ಮ ಓಣಿಯ ತುದಿಯಲ್ಲಿ ಒಬ್ಬ ಚಾಚಾ ಇದ್ದಾರೆ. ನಲವತ್ತು ವರ್ಷ ಗ್ಯಾರೇಜು ನಡೆಸಿ ಈಗ ಕಣ್ಣಿನ ಆಪರೇಶನ್ ಆಗಿ ಮನೆಯಲ್ಲಿದ್ದಾರೆ. ಅವರನ್ನು ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿ ಕೂಡಿಸಿದೆ. ಕೈ ನನ್ನದು, ಬುದ್ಧಿ ಅವರದು. ಪಾನಾ, ಪೇಚಕಸ್ ಎತ್ತಿ ಕೊಡಲು ಏಳನೆಯ ಇಯತ್ತೆಯ ಮೊಮ್ಮಗ. ಹೊಸ ಶೀಶಾ ಬಿಚ್ಚಲು ಹೋದೆ. “ಅದನ್ನ ಕೌದ್ಯಾಗೇ ಇಡ್ರಿ ಮಾಸ್ತರ್. ಅದರ ಪಾಳಿ ಇನ್ನಾ ಬಂದಿಲ್ಲ. ಮೊದಲ ಒಳಗಿಂದು ನೋಡೋಣು” ಅಂದರು ಚಾಚಾ.

ನನ್ನ ಕಾರಿಗೆ ಮುಂದಿನ ಎರಡು ಬಾಗಿಲಿಗೆ ಸ್ವಿಚ್ಚು, ಹಿಂದಿನ ಎರಡಕ್ಕೆ ತಿರುಗಿಸುವ ಹ್ಯಾಂಡಲ್. ದುಡ್ಡು ಉಳಿಸಿ ಕೊಂಡವರ ಕಾರುಗಳೆಲ್ಲ ಹೀಗೇ. ಆ ಹ್ಯಾಂಡಲ್ ತೆಗೆಯಲು ಹೊರಗೆ ಎಲ್ಲಿಯೂ ಇಸ್ಕ್ರೂ ಕಾಣುವುದಿಲ್ಲ. ಹ್ಯಾಂಡಲಿನ ಬೆನ್ನಿಗೆ ಕುದುರೆ ಲಾಳದ ಆಕಾರದ ಸಣ್ಣ ತಂತಿಯ ಕ್ಲಿಪ್ಪು ಅಡಗಿರುತ್ತದೆ. ನಾನು ಪೇಚಕಸ್ ತುರುಕಿ ಮೀಟಲು ಹೋಗಿ ಪ್ಲಾಸ್ಟಿಕ್ಕಿಗೆ ಗೀರು ಮಾಡಿದೆ. ಚಾಚಾ ನಕ್ಕು, “ಧೋತರದ ಚೂರು ತರ್ರಿ” ಅಂದರು. ಹಳೆ ಧೋತರದ ಉದ್ದನೆ ಪಟ್ಟಿಯನ್ನು ಹ್ಯಾಂಡಲ್ಲಿಗೂ ಬಾಗಿಲಿಗೂ ನಡುವಿನ ಸಂದಿಯಲ್ಲಿ ತೂರಿಸಿ, ಎರಡೂ ತುದಿ ಹಿಡಿದು ಚಮ್ಮಾರ ಬೂಟು ಉಜ್ಜುವ ಹಾಗೆ ಆಚೆ ಈಚೆ ಎಳೆಯುತ್ತ ಮೇಲಕ್ಕೆ ಸರಿಸಿದರೆ, ಬಟ್ಟೆಯ ಎಳೆ ಕ್ಲಿಪ್ಪಿನ ತುದಿಗೆ ಸಿಕ್ಕು ಅದು ‘ಟಿಕ್’ ಎಂದು ಹಾರುತ್ತದೆ. ಹಾರಿದ್ದು ನಿಜ, ಹುಡುಕಲು ಹತ್ತು ನಿಮಿಷ ಹಿಡಿಯಿತು. ಮೇಲೆ ಇನ್ನೊಂದು ಬಟ್ಟೆ ಹೊದಿಸಿಕೊಂಡು ಎಳೆಯಿರಿ ಎಂದು ಕೇಳುಗರಿಗೆ ನನ್ನ ಸಲಹೆ.

ಆಮೇಲೆ ಕೈ ಊರುವ ಕಡೆಯ ಇಸ್ಕ್ರೂ ಎರಡು, ಒಳ ಚಿಲಕದ ಹಿಂದಿನದು ಒಂದು. ಡೋರ್ ಪ್ಯಾಡಿನ ಸುತ್ತ ಪ್ಲಾಸ್ಟಿಕ್ ಗುಂಡಿಗಳಿರುತ್ತವೆ; ಕೆಳಗಿನ ಮೂಲೆಯಿಂದ ಶುರುಮಾಡಿ ಅಂಗೈ ಹಾಕಿ ಎಳೆದರೆ ಒಂದೊಂದಾಗಿ ಬಿಡುತ್ತವೆ. ಮಧ್ಯದಲ್ಲಿ ಹಿಡಿದು ಜಗ್ಗಿದರೆ ಪ್ಯಾಡೇ ಮುರಿಯುತ್ತದೆ. ಪ್ಯಾಡಿನ ಹಿಂದೆ ಕರೀ ಅಂಟಿನಿಂದ ಹಚ್ಚಿದ ಪ್ಲಾಸ್ಟಿಕ್ ಹಾಳೆ. ಅದನ್ನು ಹರಿದು ಬಿಸಾಡುವವರೇ ಬಹಳ. “ಅದನ್ನ ಮೆಲ್ಲಕ ಬಿಡಸ್ರಿ. ಅದು ಬೇಕಾಗ್ತದ” ಅಂದರು. ಯಾಕೆ ಎಂದು ಆಗ ಹೇಳಲಿಲ್ಲ.

ಹಾಳೆ ಸರಿಸಿ ಒಳಗೆ ಬ್ಯಾಟರಿ ಬಿಟ್ಟೆ. ಕಂಡದ್ದು ಬಾಗಿಲಲ್ಲ, ಒಂದು ಸಣ್ಣ ಖಣಿ. ಬಾಗಿಲಿನ ತಳದಲ್ಲಿ ನಾಲ್ಕು ಬೆರಳು ಗಾಜಿನ ಹರಳು. ಅದರ ಕೆಳಗೆ ವರ್ಷಗಳಿಂದ ಕೂತ ಬೂದುಬಣ್ಣದ ಗಟ್ಟಿ ಗಸಿ. ನಮ್ಮ ಸೀಮೆಯ ಗಾಳಿಯಲ್ಲಿ ಏನಿರುತ್ತದೆ ಎಂಬುದು ವಾಡಿ, ಸೇಡಂ, ಶಹಾಬಾದದ ಮಂದಿಗೆ ಹೇಳಬೇಕಾಗಿಲ್ಲ. ಖಣಿಯ ಪುಡಿ, ಸಿಮೆಂಟಿನ ಪುಡಿ, ಬೇಸಗೆಯ ಕರಿ ಎರೆಮಣ್ಣು, ಎಲ್ಲವೂ ಗಾಜು ಇಳಿಯುವ ಸಂದಿಯಿಂದ ಒಳಗಿಳಿದು ಮಳೆ ನೀರು ಕುಡಿದು ಹೆಪ್ಪುಗಟ್ಟಿದ್ದವು. ಮೊಮ್ಮಗ ಕೇಳಿದ: “ಮುತ್ಯಾ, ಈ ಕಲ್ಲಿನ ಪುಡಿಗೆ ಗಾಜು ಗೀರಾಗಂಗಿಲ್ಲೇನು?” ಒಳ್ಳೆಯ ಪ್ರಶ್ನೆ. ಗಡಸುತನದ ಹತ್ತು ಮೆಟ್ಟಿಲ ಲೆಕ್ಕದಲ್ಲಿ ಸುಣ್ಣದ ಕಲ್ಲಿನ ಖನಿಜ ಮೂರನೆಯದು. ಗಾಜು ಐದೂವರೆಯ ಆಸುಪಾಸು. ಕೆಳಗಿನ ಮೆಟ್ಟಿಲಿನದು ಮೇಲಿನದನ್ನು ಗೀರಲಾರದು. ಗೀರು ಹಾಕುವುದು ಏಳನೆಯ ಮೆಟ್ಟಿಲಿನ ಮರಳು.

ಹಾಗೆ ಹೇಳುತ್ತಿರುವಾಗಲೇ ನನ್ನ ಮಾತು ನನಗೇ ಚುಚ್ಚಿತು. ಸುಣ್ಣದ ಕಲ್ಲು ಗಾಜನ್ನು ಗೀರಲೂ ಆಗದಷ್ಟು ಮೆತ್ತಗೆ ಎಂದ ಮೇಲೆ, ಬೆರಳುಗುರಿನಷ್ಟು ಚಕ್ಕೆ ಆರೇಳು ಹೆಜ್ಜೆ ದೂರದಿಂದ ಹಾರಿಬಂದು ಈ ಬಿಗಿ ಗಾಜಿನ ಹೊರಪದರನ್ನು ಹರಿದದ್ದು ಹೇಗೆ?

ಮೊದಲು ಚೊಕ್ಕ ಮಾಡುವ ಕೆಲಸ. ಕೈಗೆ ದಪ್ಪ ಚರ್ಮದ ಗವುಸು, ಕಣ್ಣಿಗೆ ಚಸ್ಮಾ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹೋಗಲು ಎರಡು ಮೂರು ಕಿಂಡಿ ಇರುತ್ತವೆ. ನನ್ನವು ಮೂರೂ ಮುಚ್ಚಿದ್ದವು. ತಂತಿ ಹಾಕಿ ಬಿಡಿಸಿದೆ. ಹರಳುಗಳನ್ನು ಮೊದಲು ಮುಷ್ಟಿಯಲ್ಲಿ, ಆಮೇಲೆ ಹಳೆ ಚಮಚದಿಂದ, ಕಡೆಗೆ ಪಕ್ಕದವರ ವ್ಯಾಕ್ಯೂಮ್ ಯಂತ್ರದಿಂದ ತೆಗೆದದ್ದಾಯಿತು. ಅದು ಒಂದು ಬಕೆಟ್ಟಿನ ಕಾಲು ಭಾಗ ಆಯಿತು. ಗಾಜು ಜಾರುವ ರಬ್ಬರ್ ಚಾನಲಿನ ಒಳಗೂ, ಗಾಜು ಏರಿಸುವ ಮಶೀನಿನ ಹಲ್ಲುಗಳ ನಡುವೆಯೂ ಹರಳು. ಇವನ್ನು ಬಿಟ್ಟು ಹೊಸ ಶೀಶಾ ಹಾಕಿದರೆ ಮೊದಲ ಸಲ ಇಳಿಸುವಾಗಲೇ ಕರಕರ ಸದ್ದು, ಎರಡನೆಯ ಸಲ ಗೀರು. ಬಾಗಿಲು ಹಾಕಿದಾಗೆಲ್ಲ ಒಳಗೆ ಗಿಲಕಿ ಬಾರಿಸಿದ ಸದ್ದು ಬರುವ ಕಾರುಗಳನ್ನು ನೀವು ನೋಡಿರಬಹುದು. ಅವೆಲ್ಲ ಈ ಅರ್ಧ ದಿನವನ್ನು ಉಳಿಸಿದವರ ಕಾರುಗಳು.

ಕ್ಲಿಪ್ಪಿನ ಹಾಗೆ ಇನ್ನೇನಾದರೂ ಕಬ್ಬಿಣದ ಚೂರು ಒಳಗೆ ಬಿದ್ದಿದ್ದರೆ ಎಂದು ಮೊಮ್ಮಗ ಒಂದು ಅಯಸ್ಕಾಂತ ತಂದ. ಅದು ನಮ್ಮ ಮನೆಯ ಕೆಟ್ಟುಹೋದ ರೇಡಿಯೋದ ಸ್ಪೀಕರಿನದು. ಎಷ್ಟೋ ವರ್ಷ ಕಲಬುರಗಿ ಆಕಾಶವಾಣಿಯನ್ನು ನಮಗೆ ಕೇಳಿಸಿದ ಅಯಸ್ಕಾಂತ. ದಾರ ಕಟ್ಟಿ ಬಾಗಿಲಿನೊಳಗೆ ಇಳಿಬಿಟ್ಟರೆ ಬಾಗಿಲೇ ತಗಡಿನದು, ಹೋಗಿ ಅಲ್ಲಲ್ಲಿ ಅಂಟಿಕೊಳ್ಳುತ್ತಿತ್ತು. ಬುದ್ಧಿ ಬದಲಿಸಿ ಬಕೆಟ್ಟಿನ ಹರಳುಗಳಲ್ಲಿ ಆಡಿಸಿದ. ಮೇಲೆತ್ತಿದಾಗ ಕಪ್ಪು ಪುಡಿಯ ಜೊತೆಗೆ ಒಂದು ಚೂರು ಅಂಟಿತ್ತು. ಗೋದಿಕಾಳಿನ ಅರ್ಧದಷ್ಟು. ಒಂದು ಕಡೆ ತುಕ್ಕಿನ ಕಂದು, ಇನ್ನೊಂದು ಕಡೆ ಆಗತಾನೇ ಮುರಿದ ಹೊಳಪು, ಅಂಚು ಬ್ಲೇಡಿನ ಹಾಗೆ.

ಚಾಚಾ ಅದನ್ನು ಅಂಗೈ ಮೇಲೆ ಹಾಕಿಸಿಕೊಂಡು ಬೆರಳ ತುದಿಯಿಂದ ಸವರಿದರು. ಕಣ್ಣು ಮಸುಕಾದವರ ಬೆರಳಿಗೆ ಬೇರೆಯೇ ಒಂದು ಕಣ್ಣು. “ಇದು ಕಲ್ಲಲ್ರಿ ಮಾಸ್ತರ್. ಚಾಣದ ಟೊಪ್ಪಿಗಿ” ಅಂದರು.

ಚಾಣದ ತಲೆಯ ಮೇಲೆ ವರ್ಷಗಟ್ಟಲೆ ಸುತ್ತಿಗೆ ಬಿದ್ದರೆ ಉಕ್ಕು ನಾಯಿಕೊಡೆಯ ಹಾಗೆ ಸುತ್ತಲೂ ಅರಳಿ ಕೆಳಗೆ ಮಡಚಿಕೊಳ್ಳುತ್ತದೆ. ಆ ಅರಳಿದ ಅಂಚಿನಲ್ಲಿ ಬಿರುಕು ಬಿದ್ದು, ಯಾವುದೋ ಒಂದು ಏಟಿಗೆ ಚೂರು ಕಿತ್ತು ಬಂದೂಕಿನ ಗುಂಡಿನ ಹಾಗೆ ಹೋಗುತ್ತದೆ. ಉಕ್ಕು ಗಾಜಿಗಿಂತ ಗಡಸಾಗಿರಬಲ್ಲುದು. ಎರಡು ಬೆರಳು ಇಳಿಸಿದ್ದ ನನ್ನ ಗಾಜಿನ ಮೇಲಂಚು ರಬ್ಬರಿನ ಮರೆ ಇಲ್ಲದೆ ಬತ್ತಲೆ ನಿಂತಿತ್ತು. ಈ ಜಾತಿಯ ಗಾಜಿಗೆ ಮೈಯೆಲ್ಲ ಬಲ, ಅಂಚೇ ಪ್ರಾಣ. ಚೂರು ಅಲ್ಲಿಗೇ ತಾಗಿ ಗಾಜಿನ ಜೊತೆಗೇ ಸಂದಿಯೊಳಗೆ ಇಳಿದಿರಬೇಕು. ನಾನು ಒಂದು ವಾರದಿಂದ ಸಿಟ್ಟು ಮಾಡಿಕೊಂಡ ಕಲ್ಲು ಆ ಹೊತ್ತಿಗೆ ಪಕ್ಕದ ಪಡಸಾಲೆಯಲ್ಲಿ ತಣ್ಣಗೆ ಮಲಗಿತ್ತು.

ಗಾಜು ಕೂಡಿಸಿದ ಕತೆ ಇದಕ್ಕಿಂತ ಸಣ್ಣದು. ಹಿಂದಿನ ಬಾಗಿಲಿನ ತೊಡಕು ಒಂದೇ: ಚಕ್ರದ ಕಮಾನು ಬಾಗಿಲನ್ನು ಕೆಳಗೆ ಕಚ್ಚಿ ತಿಂದಿರುತ್ತದೆ, ಆದ್ದರಿಂದ ಒಳಗೆ ಜಾಗ ಕಮ್ಮಿ. ಎಷ್ಟೋ ಕಾರುಗಳಲ್ಲಿ ಹಿಂದಿನ ಗಾಜು ಪೂರ್ತಿ ಇಳಿಯದೆ ಮುಕ್ಕಾಲಿಗೆ ನಿಲ್ಲುವುದಕ್ಕೂ ಇದೇ ಕಾರಣ. ದೊಡ್ಡ ಗಾಜಿಗೂ ಮೂಲೆಯ ತ್ರಿಕೋನದ ಗಾಜಿಗೂ ನಡುವೆ ನಿಂತ ಕಬ್ಬಿಣದ ಪಟ್ಟಿಯನ್ನು ಬಿಚ್ಚಿ ಪಕ್ಕಕ್ಕೆ ಸರಿಸದೆ ಶೀಶಾ ಒಳಗೆ ಹೋಗುವುದಿಲ್ಲ. ಪಟ್ಟಿಗೆ ಮೇಲೆ ಒಂದು ಇಸ್ಕ್ರೂ, ಕೆಳಗೆ ಒಂದು ಬೋಲ್ಟು. ಹೊರಗಿನ ರಬ್ಬರ್ ಬೀಡಿಂಗನ್ನೂ ತೆಗೆದು, ಶೀಶಾವನ್ನು ಮೂಗು ಕೆಳಗೆ ಮಾಡಿ ಓರೆಯಾಗಿ ಇಳಿಸಿ, ಒಳಗೆ ಹೋದ ಮೇಲೆ ನೆಟ್ಟಗೆ ಮಾಡಬೇಕು. ಮೊಮ್ಮಗ ಮೇಲಿನಿಂದ ಎರಡೂ ಅಂಗೈಯಲ್ಲಿ ಹಿಡಿದಿದ್ದ, ನಾನು ಕೆಳಗಿನಿಂದ ಮಶೀನಿನ ಹಿಡಿಗೆ ಕೂಡಿಸಿ ಬೋಲ್ಟು ಹಾಕಿದೆ. ಬಿಗಿ ಮಾಡಲು ಹೋದಾಗ ಚಾಚಾ ತಡೆದರು. ಮೊದಲು ಸಡಿಲ ಬಿಟ್ಟು, ಹ್ಯಾಂಡಲ್ ಕೂಡಿಸಿ ಗಾಜನ್ನು ಪೂರ್ತಿ ಮೇಲಕ್ಕೆ ಏರಿಸಬೇಕು. ಚೌಕಟ್ಟಿನಲ್ಲಿ ಗಾಜು ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಆಮೇಲೆ ಬಿಗಿ, ಅದೂ ಹದವಾಗಿ. ಕಬ್ಬಿಣಕ್ಕೂ ಗಾಜಿಗೂ ನಡುವಿನ ರಬ್ಬರ್ ಬಿಲ್ಲೆ ಹಿಂಡಿ ಹೋಗುವಷ್ಟು ಬಿಗಿದರೆ ಮತ್ತೆ ಕೌದಿ, ಮತ್ತೆ ರೈಲು. ಚಾನಲಿಗೆ ಎಣ್ಣೆ ಬಿಡಬೇಡಿರಿ. ಎಣ್ಣೆಗೆ ನಮ್ಮ ಊರಿನ ಪುಡಿ ಅಂಟಿ ವರ್ಷದೊಳಗೆ ಗಾರೆಯಾಗುತ್ತದೆ. ಸಿಲಿಕೋನ್ ಸ್ಪ್ರೇ ಸಾಕು.

ಪ್ಲಾಸ್ಟಿಕ್ ಹಾಳೆಯ ಗುಟ್ಟು ಕಡೆಗೆ ತಿಳಿಯಿತು. ಮಳೆ ನೀರು ಗಾಜಿನ ಮೈಮೇಲಿಂದ ಬಾಗಿಲಿನೊಳಗೆ ಇಳಿಯುವುದು ತಪ್ಪಲ್ಲ, ಅದು ಹಾಗೆಯೇ ಮಾಡಿದ್ದು. ಇಳಿದ ನೀರು ಕಿಂಡಿಯಿಂದ ಹೊರಗೆ ಹೋಗಬೇಕು, ಕಾಲ್ಚಾಪೆಗೆ ಬರಬಾರದು. ನಡುವೆ ಅಡ್ಡ ನಿಲ್ಲುವುದು ಈ ಹಾಳೆ. ಅದರ ಕೆಳಗಿನ ಅಂಚನ್ನು ತಗಡಿನ ಸೀಳಿನೊಳಕ್ಕೆ ತೂರಿಸಬೇಕು, ಹೊರಗೆ ಬಿಡಬಾರದು. ನಾನು ಒಂದು ಮೂಲೆಯಲ್ಲಿ ಹೊರಗೆ ಬಿಟ್ಟಿದ್ದೆ. ಕಾಗಿಣಾ ಹೊಳೆಯ ಕಡೆಯಿಂದ ಬಂದ ಮೊದಲ ದೊಡ್ಡ ಮಳೆಗೆ ಹಿಂದಿನ ಚಾಪೆ ಒದ್ದೆಯಾಯಿತು. ಮತ್ತೆ ಧೋತರದ ಚೂರು ಹಿಡಿದು ಕೂತೆ. ಎರಡನೆಯ ಸಲ ಎಲ್ಲ ಬಿಚ್ಚಿ ಹಾಕಲು ಇಪ್ಪತ್ತು ನಿಮಿಷ ಸಾಕಾಯಿತು. ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ.

ಉಕ್ಕಿನ ಚೂರನ್ನು ಕಾಗದದಲ್ಲಿ ಕಟ್ಟಿಕೊಂಡು ಫರ್ಸಿ ಕೆಲಸದ ಹುಡುಗನನ್ನು ಹುಡುಕಿಕೊಂಡು ಹೋದೆ. ಅವನು ಇನ್ನೊಂದು ಓಣಿಯಲ್ಲಿ ಅದೇ ಗೋಣಿಚೀಲದ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ದುಡ್ಡು ಕೇಳಲು ಬಂದೆನೆಂದು ತಿಳಿದಿರಬೇಕು. “ಚಾಣ ತೋರಸು ತಮ್ಮಾ” ಅಂದೆ. ತಲೆ ಅರಳಿ ಹೂವಾಗಿತ್ತು. ಒಂದು ಕಡೆ ಎಸಳು ಮುರಿದ ಗಾಯ ಬೆಳ್ಳಗೆ ಹೊಳೆಯುತ್ತಿತ್ತು. ನನ್ನ ಚೂರನ್ನು ಅಲ್ಲಿ ಇಟ್ಟೆ, ಕೂಡಿತು. ಅವನು ಅದನ್ನೂ ನನ್ನನ್ನೂ ನೋಡಿ, “ಇದು ನನ್ನ ಕಡೀ ಹಾರಿದ್ರ?” ಅಂದ. ನಾನು ಏನೂ ಅನ್ನಲಿಲ್ಲ.

“ನಮ್ಮ ಅಪ್ಪಂದು ಈ ಚಾಣ” ಅಂದ ಆಮೇಲೆ. ಅಪ್ಪನಿಗೆ ಒಂದು ಕಣ್ಣು ಕಾಣುವುದಿಲ್ಲವಂತೆ, ಬಹಳ ವರ್ಷವಾಯಿತಂತೆ. “ಖಣ್ಯಾಗ ಕಲ್ಲಿನ ಚಕ್ಕಿ ಹೊಕ್ಕಿತು ಅಂತಾರ್ರಿ.”

ಸ್ಟೇಷನ್ ಕಡೆಯ ವೆಲ್ಡಿಂಗ್ ಅಂಗಡಿಗೆ ಇಬ್ಬರೂ ಹೋದೆವು. ಚಕ್ರಕ್ಕೆ ಹಿಡಿದು ಚಾಣದ ತಲೆಯನ್ನು ಸುತ್ತಲೂ ತೇಯ್ದು ದುಂಡಗೆ ಮಾಡಿಕೊಟ್ಟರು. ಕಿಡಿ ಹಾರುವಾಗ ಹುಡುಗ ಎರಡು ಹೆಜ್ಜೆ ಹಿಂದೆ ಸರಿದು, ಅಂಗೈಯನ್ನು ಕಣ್ಣಿಗೆ ಅಡ್ಡ ಹಿಡಿದು ನಿಂತಿದ್ದ.